ಕೊಹಿನೂರ್ ಸಿಕ್ಕಿದ್ದು ಮೂಕಾಂಬಿಕೆಯ ಕೊಲ್ಲೂರಲ್ಲಲ್ಲ: ಹೆಸರಾಂತ ವಜ್ರಗಳ ಬಗ್ಗೆ ಮಾತಾಡೋಣ ಬನ್ನಿ

ಹಂಪಿಹಾದಿ (ಹೊಸಪೇಟೆ)

ಎಲ್ಲರಿಗೂ ನಮಸ್ಕಾರ. ಹೋದ ವಾರ ಎಂಟನೇ ಕ್ಲಾಸಿನ ಒಬ್ಬ ಹುಡುಗಿ ಪಾಠದ ಮಧ್ಯೆ ಎದ್ದು ನಿಂತು ಕೇಳಿದಳು: "ಸರ್, ಕೊಹಿನೂರ್ ವಜ್ರ ಮೂಕಾಂಬಿಕೆ ಗುಡಿ ಹತ್ರ ಸಿಕ್ಕಿದ್ದಂತೆ, ಹೌದಾ?" ಅವರ ಮನೆಯ ವಾಟ್ಸಾಪ್ ಗುಂಪಿಗೆ ಹಾಗಂತ ಬಂದಿತ್ತಂತೆ. ಉಡುಪಿ ಜಿಲ್ಲೆಯ ಕೊಲ್ಲೂರಿನ ಫೋಟೋ, ಪಕ್ಕದಲ್ಲಿ ಇಂಗ್ಲೆಂಡಿನ ಕಿರೀಟದ ಫೋಟೋ.

ಎಲ್ಲಿ ಎಡವಟ್ಟಾಗಿದೆ ಅಂತ ಕೂಡಲೇ ಗೊತ್ತಾಯ್ತು. ವಜ್ರದ ಕೊಲ್ಲೂರು ಇರುವುದು ಆಂಧ್ರದಲ್ಲಿ, ಕೃಷ್ಣಾ ನದಿಯ ಬಲದಂಡೆಯಲ್ಲಿ, ಹಳೇ ಗುಂಟೂರು ಜಿಲ್ಲೆಯಲ್ಲಿ. ಈಗ ಆ ಜಾಗ ಪುಲಿಚಿಂತಲ ಅಣೆಕಟ್ಟಿನ ಹಿನ್ನೀರಿಗೆ ಸೇರಿದೆ. ಊರಿನವರನ್ನು ಬೇರೆ ಕಡೆ ಕಳಿಸಿದ್ದಾರೆ. ಇನ್ನೊಂದು ಮಾತು. ಕೊಹಿನೂರ್ ಆ ಕೊಲ್ಲೂರಿನದೇ ಅನ್ನುವುದು ಕೂಡ ವಾಡಿಕೆಯ ಮಾತು ಅಷ್ಟೇ. ಯಾವ ಗುಂಡಿಯಿಂದ ಬಂತು ಅಂತ ಬರೆದಿಟ್ಟ ಸಾಕ್ಷಿ ಇಲ್ಲ.

ನನ್ನನ್ನು ಕಾಡುತ್ತಿರುವುದು ಬೇರೆಯೇ ವಿಷಯ. ಯಾವ ದೊಡ್ಡ ವಜ್ರದ ಕಥೆ ತೆಗೆದರೂ ಅದು ರಾಜನಿಂದ ಶುರುವಾಗುತ್ತದೆ, ಇಲ್ಲಾಂದ್ರೆ ಕೊಂಡವನಿಂದ. ಮಣ್ಣು ಅಗೆದವರ ವಿಷಯ ಒಂದು ಸಾಲೂ ಇರುವುದಿಲ್ಲ. ನಾನು ಪಾಠ ಮಾಡುವಾಗಲೂ ಹಾಗೇ ಮಾಡುತ್ತಿದ್ದೆ. ಈ ಸಲ ಗಣಿಯಿಂದಲೇ ಶುರು ಮಾಡೋಣ ಅಂತ ಹಳೇ ಪ್ರವಾಸಿಗರ ಬರಹ ತೆಗೆದು ಕೂತೆ. ಸಿಕ್ಕಿದ್ದನ್ನು ಇಲ್ಲಿ ಹಾಕುತ್ತೇನೆ. ಗೊತ್ತಿರುವವರು ಸೇರಿಸಿ, ತಪ್ಪಿದ್ದರೆ ತಿದ್ದಿ.

---

ಮೊದಲ ಬೆಂಚು

ಸರ್, ಒಂದು ಪ್ರಶ್ನೆ. ಪುಸ್ತಕದಲ್ಲೆಲ್ಲ "ಗೋಲ್ಕೊಂಡದ ವಜ್ರ" ಅಂತ ಇರುತ್ತೆ. ಗೋಲ್ಕೊಂಡ ಹೈದರಾಬಾದಿನಲ್ಲಿ ಇದೆ ಅಲ್ವಾ? ಕೊಲ್ಲೂರು ಅಲ್ಲಿಂದ ತುಂಬ ದೂರ ಆಯ್ತಲ್ಲ?

---

ಹಂಪಿಹಾದಿ

ಒಳ್ಳೇ ಪ್ರಶ್ನೆ. ಗೋಲ್ಕೊಂಡದಲ್ಲಿ ಗಣಿಯೇ ಇರಲಿಲ್ಲ. ಅದು ಕುತುಬ್‌ಶಾಹಿಗಳ ರಾಜಧಾನಿ, ವಜ್ರದ ಪೇಟೆ. ಬ್ಯಾಡಗಿ ಮೆಣಸಿನಕಾಯಿ ಅಂತೀವಿ, ಆದರೆ ಅದೆಲ್ಲ ಬ್ಯಾಡಗಿ ಊರಿನ ಹೊಲದಲ್ಲೇ ಬೆಳೆದದ್ದಲ್ಲ ಅಲ್ವಾ? ಮಾರಾಟದ ಊರಿನ ಹೆಸರು ಸರಕಿಗೆ ಅಂಟಿಕೊಂಡಿತು. ಗಣಿಗಳಿದ್ದದ್ದು ಕೃಷ್ಣಾ, ತುಂಗಭದ್ರಾ, ಪೆನ್ನಾರ್ ನದಿಗಳ ಸೀಮೆಯಲ್ಲಿ.

ಜಾನ್ ಬ್ಯಾಪ್ಟಿಸ್ಟ್ ಟಾವೆರ್ನಿಯೆ ಅನ್ನುವ ಫ್ರೆಂಚ್ ವ್ಯಾಪಾರಿ ಹದಿನೇಳನೇ ಶತಮಾನದಲ್ಲಿ ಈ ಕಡೆ ಮತ್ತೆ ಮತ್ತೆ ಬಂದು ಹೋದ. ತಾನು ಮೊದಲು ನೋಡಿದ ಗಣಿ ಬಿಜಾಪುರದ ಸುಲ್ತಾನನ ರಾಜ್ಯದಲ್ಲಿ, ಕರ್ನಾಟಕ ಪ್ರಾಂತದಲ್ಲಿ ಇತ್ತು ಅಂತ ಬರೆದಿದ್ದಾನೆ. ಗೋಲ್ಕೊಂಡದಿಂದ ಐದು ದಿನದ ದಾರಿ, ಬಿಜಾಪುರದಿಂದ ಎಂಟೊಂಬತ್ತು ದಿನ. ಅವನು ಆ ಊರನ್ನು ರಾವಲ್ಕೊಂಡ ಅಂತ ಕರೆಯುತ್ತಾನೆ. ಕರ್ನೂಲು ಕಡೆಯ ರಾಮಳ್ಳಕೋಟವೇ ಅದು ಅಂತ ಅವನ ಪುಸ್ತಕವನ್ನು ಇಂಗ್ಲಿಷಿಗೆ ತಂದವರು ಗುರುತಿಸಿದ್ದಾರೆ.

ಎರಡನೇ ಗಣಿಯೇ ಕೊಲ್ಲೂರು. ಅದಕ್ಕೆ ಊರಿನವರ ಮಾತಿನಲ್ಲಿ "ಗಣಿ" ಅನ್ನುತ್ತಾರೆ ಅಂತ ಬರೆದಿದ್ದಾನೆ. ಪಾಪ, ಅದನ್ನು ಊರಿನ ಹೆಸರೇ ಅಂದುಕೊಂಡಿದ್ದಾನೆ. ಓದುವಾಗ ನಮ್ಮ ಮಾತು ಆ ಫ್ರೆಂಚ್ ಪುಸ್ತಕದಲ್ಲಿ ಕೂತಿರುವುದನ್ನು ಕಂಡು ಮೈ ಜುಮ್ ಅಂತು.

ಕೊಲ್ಲೂರಿನ ಕಥೆಯನ್ನು ಅವನು ಹೇಳುವುದು ಹೀಗೆ. ಅವನು ಅಲ್ಲಿಗೆ ಹೋಗುವ ಸುಮಾರು ನೂರು ವರ್ಷ ಮುಂಚೆ ಒಬ್ಬ ಬಡವ ಕಿರುಧಾನ್ಯ ಬಿತ್ತಲು ನೆಲ ಹದ ಮಾಡುತ್ತಿದ್ದ. ಆಗ ಮೊನೆ ಇರುವ ಒಂದು ಕಲ್ಲು ಸಿಕ್ಕಿತು. ತೂಕ ಹತ್ತಿರ ಹತ್ತಿರ 25 ಕ್ಯಾರೆಟ್ (ವಜ್ರ ತೂಗುವ ಅಳತೆ, ಐದು ಕ್ಯಾರೆಟ್ ಅಂದರೆ ಒಂದು ಗ್ರಾಂ). ಅಲ್ಲಿಂದ ಶುರು. ಟಾವೆರ್ನಿಯೆ ಹೋದಾಗ ಅಲ್ಲಿ 60,000 ಜನ ಕೆಲಸ ಮಾಡುತ್ತಿದ್ದರಂತೆ.

---

ಕೃಷ್ಣೆಯ ಮಗಳು (ರಾಯಚೂರು)

ಅರವತ್ತು ಸಾವಿರ! ಹೆಂಗಸರೂ ಇದ್ದರಾ ಸರ್?

---

ಹಂಪಿಹಾದಿ

ಇದ್ದರು ಅಕ್ಕಾ. ಗಂಡಸರು ಅಗೆಯುವುದು, ಹೆಂಗಸರು ಮಕ್ಕಳು ಮಣ್ಣು ಹೊರುವುದು. ಅವನು ಬರೆದದ್ದನ್ನು ನನ್ನ ಮಾತಲ್ಲಿ ಹೇಳುತ್ತೇನೆ. ನೀವು ಸುಗ್ಗಿಯ ಕಣ ನೋಡಿದವರು, ನಿಮಗೆ ಕಣ್ಣಿಗೆ ಕಟ್ಟುತ್ತದೆ.

ಮೊದಲು ಅಗೆಯುವ ಜಾಗದ ಪಕ್ಕ ಇನ್ನೊಂದು ಜಾಗ ಸಮ ಮಾಡಿ ಸುತ್ತ ಎರಡು ಅಡಿ ಎತ್ತರದ ಗೋಡೆ ಕಟ್ಟುತ್ತಾರೆ. ಕೆಲಸ ಶುರು ಮಾಡುವ ಮುಂಚೆ ಒಂದು ಸಣ್ಣ ಕಲ್ಲಿನ ದೇವರನ್ನು ಇಟ್ಟು ಪೂಜೆ, ಆಮೇಲೆ ಎಲ್ಲರಿಗೂ ಊಟ. ಹನ್ನೆರಡು ಹದಿನಾಲ್ಕು ಅಡಿ ಅಗೆದರೆ ನೀರು ಬರುತ್ತದೆ, ಅಲ್ಲಿಗೆ ಅಗೆತ ನಿಲ್ಲುತ್ತದೆ. ಮಣ್ಣನ್ನೆಲ್ಲ ಹೊತ್ತು ತಂದು ಗೋಡೆಯೊಳಗೆ ಸುರಿದು, ಗುಂಡಿಯ ನೀರನ್ನೇ ಕೊಡಗಳಲ್ಲಿ ತಂದು ಹೊಯ್ಯುತ್ತಾರೆ. ಒಂದೆರಡು ದಿನ ನೆನೆದು ಗಂಜಿಯಂತಾದ ಮೇಲೆ ಗೋಡೆಯ ಕಂಡಿ ತೆಗೆದು ಕೆಸರನ್ನು ಹರಿಯಬಿಡುತ್ತಾರೆ. ಉಳಿದ ಮರಳನ್ನು ಬಿಸಿಲಿಗೆ ಒಣಗಿಸಿ ಕಾಳು ತೂರಿದ ಹಾಗೆ ಮೊರದಲ್ಲಿ ಕೇರುತ್ತಾರೆ. ಗಟ್ಟಿ ಹೆಂಟೆಗಳನ್ನು ಒನಕೆಯಂಥ ಕಟ್ಟಿಗೆಯಿಂದ ಕುಟ್ಟಿ ಮತ್ತೆ ಕೇರುತ್ತಾರೆ. ಕೊನೆಗೆ ಎಲ್ಲರೂ ಸಾಲಾಗಿ ಕೂತು ಕೈಯಲ್ಲೇ ಹುಡುಕುವುದು.

ಮೊರ, ಒನಕೆ, ಕೊಡ. ಫ್ರಾನ್ಸಿನ ಲೂವ್ರ್ ಮ್ಯೂಸಿಯಮ್ಮಿನಲ್ಲಿರುವ ರೀಜೆಂಟ್ ವಜ್ರ ಕೊಲ್ಲೂರಿನದು ಅಂತಾರೆ. ಅಂಥ ಕಲ್ಲುಗಳು ಮೊದಲು ಬಿದ್ದದ್ದು ಒಂದು ಮೊರದಲ್ಲಿ.

ಇನ್ನು ಕೂಲಿ. ರಾವಲ್ಕೊಂಡದ ಗಣಿಯಲ್ಲಿ ಒಳ್ಳೇ ಕೆಲಸ ಬಲ್ಲ ಆಳಿಗೂ ವರ್ಷಕ್ಕೆ ಸಿಗುತ್ತಿದ್ದದ್ದು 3 ಪಗೋಡ. ತಿಂಗಳಿಗಲ್ಲ, ವರ್ಷಕ್ಕೆ. ಪಗೋಡ ಅಂದರೆ ನಮ್ಮ ವರಹ. ವಿಜಯನಗರದ ಕಾಲದಿಂದ ಬಂದ ಅದೇ ಚಿನ್ನದ ನಾಣ್ಯ. ಕೂಲಿ ಇಷ್ಟು ಕಮ್ಮಿ ಇದ್ದದ್ದಕ್ಕೆ ಆಳುಗಳು ಕಲ್ಲು ಬಚ್ಚಿಡುತ್ತಿದ್ದರು, ಅದಕ್ಕೆ 50 ಜನಕ್ಕೆ 12ರಿಂದ 15 ಕಾವಲುಗಾರರು ಬೇಕಾಗಿತ್ತು ಅಂತಲೂ ಬರೆದಿದ್ದಾನೆ. ಕಣ್ಣಿನ ಮೂಲೆಯಲ್ಲಿ ವಜ್ರ ಅಡಗಿಸಿ ಸಿಕ್ಕಿಬಿದ್ದ ಒಬ್ಬನನ್ನು ಅವನಿಗೆ ತೋರಿಸಿದ್ದರಂತೆ. ಮೈಮೇಲೆ ಲಂಗೋಟಿ ಬಿಟ್ಟರೆ ಏನೂ ಇಲ್ಲದವನು ಇನ್ನೆಲ್ಲಿ ಬಚ್ಚಿಡಬೇಕು? ದೊಡ್ಡ ಕಲ್ಲು ತಂದು ಒಪ್ಪಿಸಿದರೆ ಇನಾಮು ಅಂತ ತಲೆಗೆ ಸುತ್ತುವ ಒಂದು ಬಟ್ಟೆ, ಅರ್ಧವೋ ಒಂದೋ ವರಹದ ದುಡ್ಡು, ಇಲ್ಲ ಅಂದರೆ ಅಕ್ಕಿ ಮತ್ತು ಒಂದು ತಟ್ಟೆ ಸಕ್ಕರೆ.

---

ಸಾಣೆಗಲ್ಲು (ಬೆಂಗಳೂರು)

ಹಂಪಿಹಾದಿ ಸರ್, ತುಂಬ ಚೆನ್ನಾಗಿ ಬರೆದಿದ್ದೀರಿ. ನಮ್ಮದು ನಗರ್ತಪೇಟೆಯಲ್ಲಿ ಕಲ್ಲು ಕೂರಿಸುವ ಮನೆತನ. ತಂದೆ, ಅವರ ತಂದೆ ಎಲ್ಲ ಅದೇ ಕೆಲಸ. ನೀವು ರೀಜೆಂಟ್ ಹೆಸರು ತೆಗೆದಿರಿ, ಅದರ ಲೆಕ್ಕ ಹೇಳುತ್ತೇನೆ.

ಮದ್ರಾಸಿನಲ್ಲಿ ಈಸ್ಟ್ ಇಂಡಿಯಾ ಕಂಪನಿಯ ಗವರ್ನರ್ ಆಗಿದ್ದ ಥಾಮಸ್ ಪಿಟ್ ಇದನ್ನು ಜಮಚಂದ್ ಎಂಬ ವ್ಯಾಪಾರಿಯಿಂದ ಕೊಂಡ. ಸಾಣೆ ಹಿಡಿಯದ ಹಸಿ ಕಲ್ಲು, 410 ಕ್ಯಾರೆಟ್. ಜಮಚಂದ್ ಮೊದಲು ಕೇಳಿದ್ದು 2,00,000 ವರಹ. ಚೌಕಾಸಿ ಮುಗಿದದ್ದು 48,000ಕ್ಕೆ. ಒಂದು ವರಹ ಸುಮಾರು 3.4 ಗ್ರಾಂ ತೂಗುತ್ತದೆ. ಅಂದರೆ ನಾಣ್ಯಗಳ ತೂಕವೇ 160 ಕೆಜಿ ದಾಟುತ್ತದೆ. ನಿಮ್ಮ ಆಳಿನ ಕೂಲಿ ವರ್ಷಕ್ಕೆ 3 ವರಹ ಅಂತ ಇಟ್ಟುಕೊಳ್ಳಿ. 48,000 ವರಹ ದುಡಿಯಲು 16,000 ವರ್ಷ ಬೇಕು. ಟಾವೆರ್ನಿಯೆಗೂ ಪಿಟ್‌ಗೂ ನಡುವೆ ಕೆಲವು ದಶಕಗಳ ಅಂತರ ಇದೆ, ಒಪ್ಪುತ್ತೇನೆ. ಆದರೂ ಈ ಲೆಕ್ಕ ಮಾಡಿ ನಾನು ಸ್ವಲ್ಪ ಹೊತ್ತು ಸುಮ್ನೆ ಕೂತೆ.

ಪಿಟ್ ಅದನ್ನು ಲಂಡನ್ನಿನಲ್ಲಿ ಕೊಯ್ಯಿಸಿ 140.64 ಕ್ಯಾರೆಟ್ಟಿಗೆ ಇಳಿಸಿದ. 1717ರಲ್ಲಿ ಫ್ರಾನ್ಸಿನ ರಾಜಪ್ರತಿನಿಧಿ ಆರ್ಲಿಯನ್ಸ್‌ನ ಡ್ಯೂಕ್ 1,35,000 ಪೌಂಡಿಗೆ ಕೊಂಡ. ಆ ಪದವಿಯಿಂದಲೇ ರೀಜೆಂಟ್ ಅನ್ನುವ ಹೆಸರು. ನೆಪೋಲಿಯನ್ ತನ್ನ ಕತ್ತಿಯ ಹಿಡಿಗೆ ಹಾಕಿಸಿಕೊಂಡ. 2025ರ ಅಕ್ಟೋಬರಿನಲ್ಲಿ ಲೂವ್ರ್‌ನಲ್ಲಿ ಹಾಡುಹಗಲೇ ಒಡವೆ ಕಳ್ಳತನ ಆಯ್ತಲ್ಲ, ಕಳ್ಳರು ನುಗ್ಗಿದ ಅಪೊಲೊ ಗ್ಯಾಲರಿಯಲ್ಲೇ ಇದರ ಜಾಗ. ಇದನ್ನು ಅವರು ಮುಟ್ಟಲಿಲ್ಲ.

ಒಬ್ಬ ಗುಲಾಮ ತನ್ನ ಕಾಲಿನ ಗಾಯದ ಪಟ್ಟಿಯೊಳಗೆ ಈ ಕಲ್ಲನ್ನು ಬಚ್ಚಿಟ್ಟು ಓಡಿಬಂದ, ಹಡಗಿನವನು ಅವನನ್ನು ಕೊಂದು ಕಲ್ಲು ಕಸಿದ ಅಂತ ಒಂದು ಕಥೆ ಹೇಳುತ್ತಾರೆ. ಪಿಟ್ ಅಂತೂ ತಾನು ನ್ಯಾಯವಾಗಿ ಕೊಂಡೆ ಅಂತ ಬರೆದಿಟ್ಟ. ಕಥೆ ನಿಜವೋ ಸುಳ್ಳೋ, ಗಣಿಯವನ ನೆನಪು ಉಳಿದದ್ದು ಆ ಒಂದು ಕಥೆಯಲ್ಲೇ. ಅದರಲ್ಲೂ ಅವನಿಗೆ ಹೆಸರಿಲ್ಲ.

---

ಪ್ರಶ್ನೆಚಿಹ್ನೆ

ನಡುವೆ ಬರುತ್ತಿದ್ದೇನೆ, ಕ್ಷಮಿಸಿ. ರಷ್ಯಾದ ಓರ್ಲೋವ್ ವಜ್ರ ನಮ್ಮ ಶ್ರೀರಂಗಪಟ್ಟಣದ ರಂಗನಾಥನ ಕಣ್ಣು ಅಂತ ಕೇಳಿದ್ದೆ. ಫ್ರೆಂಚ್ ಸೈನಿಕ ಪೂಜಾರಿಯ ವೇಷ ಹಾಕಿ ಕದ್ದನಂತೆ. ಇದು ಕರ್ನಾಟಕದ್ದೇ ಅಲ್ವಾ?

---

ಹಂಪಿಹಾದಿ

ಇದೂ ಕೊಲ್ಲೂರಿನ ಹಾಗೆಯೇ ಹೆಸರಿನಿಂದ ಆದ ಗೊಂದಲ. ಆ ಕಥೆಯ ಗುಡಿ ತಿರುಚಿರಾಪಳ್ಳಿ ಹತ್ತಿರದ ಶ್ರೀರಂಗಂ. ಶ್ರೀರಂಗಪಟ್ಟಣ ಅಲ್ಲ. ಎರಡೂ ಕಡೆ ಕಾವೇರಿ, ಎರಡೂ ಕಡೆ ದ್ವೀಪ, ಎರಡೂ ಕಡೆ ರಂಗನಾಥ. ಕಲಸಿಹೋಗುವುದು ಸಹಜ.

ಕಥೆ ಪಕ್ಕಕ್ಕಿಡಿ, ಕಲ್ಲನ್ನು ನೋಡಿ. ಓರ್ಲೋವ್ ತೂಕ ಸುಮಾರು 190 ಕ್ಯಾರೆಟ್. ಅರ್ಧ ಕೋಳಿಮೊಟ್ಟೆಯನ್ನು ಕವುಚಿ ಹಾಕಿದ ಹಾಗಿದೆ. ಔರಂಗಜೇಬನ ಆಸ್ಥಾನದಲ್ಲಿ 1665ರ ನವೆಂಬರ್ 2ರಂದು ಟಾವೆರ್ನಿಯೆ ಕೈಯಲ್ಲಿ ಹಿಡಿದು ನೋಡಿದ ದೊಡ್ಡ ವಜ್ರವೂ ಮಧ್ಯಕ್ಕೆ ಕತ್ತರಿಸಿದ ಮೊಟ್ಟೆಯ ಹಾಗೆ ಇತ್ತು ಅಂತ ಬರೆದಿದ್ದಾನೆ. ಅದನ್ನೇ ಗ್ರೇಟ್ ಮೊಘಲ್ ಅನ್ನುವುದು. ಹಾಗಾಗಿ ಎರಡೂ ಒಂದೇ ಅಂತ ಬಹಳ ಮಂದಿ ತಿಳಿದವರು ಹೇಳುತ್ತಾರೆ. ಗ್ರಿಗರಿ ಓರ್ಲೋವ್ ಅನ್ನುವ ರಷ್ಯಾದ ಸರದಾರ ಅದನ್ನು ಅಲ್ಲಿನ ಕ್ಯಾಥರೀನ್ ಮಹಾರಾಣಿಗೆ ಕೊಟ್ಟ, ಅವಳು ರಾಜದಂಡದಲ್ಲಿ ಕೂರಿಸಿದಳು. ಈಗಲೂ ಮಾಸ್ಕೋದ ಕ್ರೆಮ್ಲಿನ್ನಿನಲ್ಲಿದೆ.

ಗ್ರೇಟ್ ಮೊಘಲ್ ಸಾಣೆಯ ಬಗ್ಗೆ ಸಾಣೆಗಲ್ಲು ಅವರೇ ಹೇಳಲಿ.

---

ಸಾಣೆಗಲ್ಲು

ಆ ಕಥೆ ಕೇಳಿದರೆ ನಮ್ಮಂಥವರಿಗೆ ಹೊಟ್ಟೆ ಉರಿಯುತ್ತದೆ. ಗೋಲ್ಕೊಂಡದ ಮಂತ್ರಿಯಾಗಿದ್ದ ಮೀರ್ ಜುಮ್ಲಾ ಶಾಜಹಾನನಿಗೆ ಕೊಟ್ಟ ಹಸಿ ಕಲ್ಲು 787 ಕ್ಯಾರೆಟ್ಟಿನ ಮೇಲಿತ್ತು. ವೆನಿಸ್‌ನ ಹೊರ್ಟೆನ್ಸಿಯೊ ಬೋರ್ಜಿಯೊ ಅನ್ನುವವನ ಕೈಗೆ ಕೊಟ್ಟರು. ಒಳಗಿನ ಕಲೆಗಳು ಹೋಗಲಿ ಅಂತ ಅವನು ಸೀಳುವ ಬದಲು ಸುಮ್ನೆ ತೇಯುತ್ತಾ ಹೋದ. ಉಳಿದದ್ದು 280 ಕ್ಯಾರೆಟ್. ಚಕ್ರವರ್ತಿ ಕೂಲಿ ಕೊಡುವುದಿರಲಿ, ಅವನಿಗೇ 10,000 ರೂಪಾಯಿ ದಂಡ ಹಾಕಿಸಿದ. ಅವನ ಹತ್ತಿರ ಇನ್ನೂ ಇದ್ದಿದ್ದರೆ ಇನ್ನೂ ಕಿತ್ತುಕೊಳ್ಳುತ್ತಿದ್ದ ಅಂತ ಟಾವೆರ್ನಿಯೆ ಹೇಳುತ್ತಾನೆ.

ವಜ್ರಕ್ಕೆ ಕಟ್ಟಿಗೆಯ ಹಾಗೆ ಸೀಳು ಇರುತ್ತದೆ. ಆ ಸೀಳಿನ ಕಡೆ ಸರಿಯಾಗಿ ಏಟು ಬಿದ್ದರೆ ಗಾಜು ಕತ್ತರಿಸಿದ ಹಾಗೆ ಎರಡಾಗುತ್ತದೆ. ಬೋರ್ಜಿಯೊ ಹಾಗೆ ಸೀಳಿದ್ದರೆ ದೊಡ್ಡ ತುಂಡುಗಳು ಉಳಿಯುತ್ತಿದ್ದವು. ನಮ್ಮ ಹಳೇ ಕೆಲಸಗಾರರು ತೂಕ ಉಳಿಸುವುದಕ್ಕೇ ಮೊದಲ ಬೆಲೆ ಕೊಡುತ್ತಿದ್ದರು. ಕಲ್ಲು ಹುಟ್ಟಿದ ಆಕಾರಕ್ಕೆ ತಕ್ಕ ಹಾಗೆ ಸಣ್ಣ ಸಣ್ಣ ಮುಖ ಕೊಡುತ್ತಿದ್ದರು, ಅಷ್ಟೇ. ಯೂರೋಪಿನವರಿಗೆ ಬೇಕಾದದ್ದು ಹೊಳಪು. ಕೊಹಿನೂರ್‌ಗೆ ಆದದ್ದೂ ಅದೇ. 1851ರ ಲಂಡನ್ ಪ್ರದರ್ಶನದಲ್ಲಿ ಸಾಲುಗಟ್ಟಿ ನಿಂತು ನೋಡಿದ ಜನ "ಇದು ಹೊಳೆಯೋದೇ ಇಲ್ಲ" ಅಂದರು. ಮರುವರ್ಷ ಆಮ್‌ಸ್ಟರ್‌ಡ್ಯಾಮಿನ ಕೋಸ್ಟರ್ ಕಂಪನಿಯ ಕೆಲಸಗಾರರನ್ನು ಕರೆಸಿದರು. ವೆಲ್ಲಿಂಗ್ಟನ್ ಡ್ಯೂಕ್ ಕೈಯಿಂದ ಮೊದಲ ಸಾಣೆ ಹಿಡಿಸಿ ಶಾಸ್ತ್ರ ಮಾಡಿದರು. 38 ದಿನ, 8,000 ಪೌಂಡ್ ಖರ್ಚು. ಈಗಿನ ಅಳತೆಯಲ್ಲಿ 191 ಕ್ಯಾರೆಟ್ ಇದ್ದದ್ದು 105.6ಕ್ಕೆ ಬಂತು. ಹತ್ತಿರ ಹತ್ತಿರ ಅರ್ಧ ಕಲ್ಲು ಪುಡಿಯಾಗಿ ಹೋಯ್ತು.

ಆ ವೆಲ್ಲಿಂಗ್ಟನ್ ಯಾರು ಗೊತ್ತಲ್ಲ? 1799ರಲ್ಲಿ ಶ್ರೀರಂಗಪಟ್ಟಣದ ಮೇಲೆ ಬಂದ ಸೈನ್ಯದಲ್ಲಿದ್ದ ಆರ್ಥರ್ ವೆಲ್ಲೆಸ್ಲಿಯೇ ಅವನು.

---

ಥೇಮ್ಸ್ ದಂಡೆ (ಲಂಡನ್)

ನಾನು ಕೊಹಿನೂರ್ ನೋಡಿದ್ದೇನೆ. ಅಪ್ಪ ಅಮ್ಮ ಧಾರವಾಡದಿಂದ ಬಂದಾಗ ಟವರ್ ಆಫ್ ಲಂಡನ್ನಿಗೆ ಕರೆದುಕೊಂಡು ಹೋಗಿದ್ದೆ. ಅಲ್ಲಿ ನಿಂತು ನೋಡುವ ಹಾಗಿಲ್ಲ. ಕಾಲ ಕೆಳಗೆ ನೆಲವೇ ಚಲಿಸುತ್ತಾ ನಮ್ಮನ್ನು ಮುಂದೆ ಸಾಗಿಸುತ್ತದೆ. 1937ರಲ್ಲಿ ಮಾಡಿಸಿದ ರಾಣಿಯ ಕಿರೀಟ, ಮುಂಭಾಗದ ಶಿಲುಬೆಯ ನಡುವೆ ಅದು. ಅಮ್ಮ "ಇದೇನಾ?" ಅನ್ನುವಷ್ಟರಲ್ಲಿ ದಾಟಿ ಹೋಗಿದ್ದೆವು. ಅಪ್ಪ ಮತ್ತೆ ಹಿಂದೆ ಹೋಗಿ ಮೂರು ಸಲ ಸುತ್ತು ಹಾಕಿದರು. ಮೂರನೇ ಸಲ ಬಂದು ನನ್ನ ಕೈ ಹಿಡಿದುಕೊಂಡು, "ಹತ್ತು ವರ್ಷದ ಹುಡುಗನ ಕೈಯಿಂದ ಇಸ್ಕೊಂಡ್ರಲ್ಲೋ" ಅಂದರು. ಬೇರೇನೂ ಮಾತಾಡಲಿಲ್ಲ.

ಅಪ್ಪ ಹೇಳಿದ್ದು ಪಂಜಾಬಿನ ಕೊನೆಯ ಸಿಖ್ ಮಹಾರಾಜ, ರಣಜಿತ್ ಸಿಂಗ್ ಮಗ ದುಲೀಪ್ ಸಿಂಗ್ ಬಗ್ಗೆ. 1849ರ ಮಾರ್ಚ್ 29ರ ಲಾಹೋರ್ ಒಪ್ಪಂದದ ಮೂರನೇ ಕಲಮು ಪೂರ್ತಿ ಈ ಕಲ್ಲಿನ ಬಗ್ಗೆಯೇ ಇದೆ. ರಣಜಿತ್ ಸಿಂಗ್ ಆಫ್ಘಾನಿಸ್ತಾನದ ದೊರೆಯಾಗಿದ್ದ ಶಾ ಶುಜಾನಿಂದ ತೆಗೆದುಕೊಂಡ ಕೊಹಿನೂರನ್ನು ಲಾಹೋರಿನ ಮಹಾರಾಜ ಇಂಗ್ಲೆಂಡಿನ ರಾಣಿಗೆ ಒಪ್ಪಿಸಬೇಕು ಅಂತ. ಆಗ ಮಹಾರಾಜನಿಗೆ ಹತ್ತು ವರ್ಷ, ತಾಯಿಯನ್ನು ಅವನಿಂದ ದೂರ ಮಾಡಿದ್ದರು. 2016ರಲ್ಲಿ ನಮ್ಮ ಸುಪ್ರೀಂ ಕೋರ್ಟಿನಲ್ಲಿ ಸರ್ಕಾರದ ವಕೀಲರು ಇದು ಕದ್ದದ್ದೂ ಅಲ್ಲ, ಬಲವಂತದಿಂದ ಕಿತ್ತುಕೊಂಡದ್ದೂ ಅಲ್ಲ ಅಂದಾಗ ಅಪ್ಪನಿಗೆ ಆದ ಬೇಜಾರು ಅಷ್ಟಿಷ್ಟಲ್ಲ. ಸರ್ಕಾರ ಆಮೇಲೆ ಮಾತು ತಿದ್ದಿಕೊಂಡಿತು ಅನ್ನಿ.

2023ರ ಪಟ್ಟಾಭಿಷೇಕದಲ್ಲಿ ರಾಣಿ ಕ್ಯಾಮಿಲಾ ಕೊಹಿನೂರ್ ಇಲ್ಲದ ಬೇರೆ ಕಿರೀಟ ಇಟ್ಟುಕೊಂಡರು. ಅದೇ ವರ್ಷದಿಂದ ಟವರ್‌ನಲ್ಲಿ ಇದನ್ನು ಗೆಲುವಿನ ಗುರುತು ಅಂತ ವಿವರಿಸುತ್ತಿದ್ದಾರೆ.

---

ಪ್ರಶ್ನೆಚಿಹ್ನೆ

ವಾಪಸ್ ಕೊಡಬೇಕು ಅಂದರೆ ಯಾರಿಗೆ? ಪಾಕಿಸ್ತಾನ 1976ರಲ್ಲೇ ಕೇಳಿತ್ತು. ಲಾಹೋರು ಈಗ ಅಲ್ಲಿದೆ. ಆಫ್ಘಾನಿಸ್ತಾನದವರು ಶಾ ಶುಜಾ ನಮ್ಮವನು ಅಂತಾರೆ. 1739ರಲ್ಲಿ ದೆಹಲಿಯಿಂದ ಹೊತ್ತುಕೊಂಡು ಹೋದ ನಾದಿರ್ ಶಾ ಇರಾನಿನವನು. ಹೀಗೆ ಹಿಂದೆ ಹೋಗುತ್ತಾ ಇದ್ದರೆ ಎಲ್ಲರೂ ಇನ್ನೊಬ್ಬರಿಂದ ಕಿತ್ತುಕೊಂಡವರೇ.

---

ಹಂಪಿಹಾದಿ

ನೀವು ಹೇಳಿದ್ದು ಸರಿ. ಆದರೆ ಹಾಗೆ ಹಿಂದೆ ಹೋಗುವಾಗ ನಾವು ದೆಹಲಿಯಲ್ಲೇ ಯಾಕೆ ನಿಲ್ಲುತ್ತೇವೆ? ಬಾಬರ್ ತನ್ನ ಆತ್ಮಕಥೆಯಲ್ಲಿ 1526ರಲ್ಲಿ ಆಗ್ರಾದಲ್ಲಿ ಹುಮಾಯೂನನಿಗೆ ಗ್ವಾಲಿಯರ್ ರಾಜನ ಮನೆಯವರು ಒಂದು ದೊಡ್ಡ ವಜ್ರ ಕೊಟ್ಟರು ಅಂತ ಬರೆದಿದ್ದಾನೆ. ಇಡೀ ಲೋಕಕ್ಕೆ ಎರಡೂವರೆ ದಿನ ಊಟ ಹಾಕುವಷ್ಟು ಬೆಲೆಯದು ಅಂತ ಬೆಲೆ ಕಟ್ಟಿದ್ದರಂತೆ. ಅದೇ ಕೊಹಿನೂರ್ ಅನ್ನಲು ಪುರಾವೆ ಇಲ್ಲ. ನನಗೆ ಮುಖ್ಯ ಅನಿಸಿದ್ದು ಆ ಅಳತೆ. ವಜ್ರವನ್ನು ಊಟದಲ್ಲಿ ಅಳೆದಿದ್ದಾರೆ.

ಅದರಿಂದ ಹಿಂದಕ್ಕೆ ಹೋದರೆ ನದಿ, ಗುಂಡಿ, ಮೊರ. ಅಲ್ಲಿ ಕಲ್ಲಿಗೆ ಹೆಸರೂ ಇರಲಿಲ್ಲ. ಯಾವ ದೇಶಕ್ಕೆ ಕೊಡಬೇಕು ಅಂತ ತೀರ್ಮಾನಿಸುವಷ್ಟು ಕಾನೂನು ನನಗೆ ಗೊತ್ತಿಲ್ಲ. ಕೇಸಿನಲ್ಲಿ ಗಣಿಯ ಊರಿನವರ ಹೆಸರೂ ಒಂದು ಸಾಲಿನಲ್ಲಿ ಬರಲಿ ಅಂತ ನನ್ನ ಆಸೆ.

---

ಜೋಳದ ಹೊಲ (ಬಳ್ಳಾರಿ)

ಇಷ್ಟು ಹೊತ್ತು ಓದುತ್ತಿದ್ದೆ. ಗಣಿಯ ಊರು ಅಂದಿರಲ್ಲ, ಅದು ನಮಗೆ ಪಕ್ಕದ ಮನೆ ಇದ್ದ ಹಾಗೆ. ವಿಜಯನಗರದ ಕಾಲದಲ್ಲಿ ಹೆಸರಾಗಿದ್ದ ವಜ್ರಕರೂರು ಅನಂತಪುರ ಜಿಲ್ಲೆಯಲ್ಲಿದೆ, ಗುಂತಕಲ್ಲಿನ ಹತ್ತಿರ. ಪೋರ್ಚುಗೀಸ್ ಪ್ರವಾಸಿ ನೂನಿಜ್ ಬರೆದಿರುವ ಪ್ರಕಾರ ಗಣಿಯ ಗುತ್ತಿಗೆ ವರ್ಷಕ್ಕೆ 40,000 ವರಹ. ಇಪ್ಪತ್ತು ಮಂಜಾಡಿ ತೂಕ ಮೀರಿದ ಕಲ್ಲೆಲ್ಲ ರಾಯರ ಖಜಾನೆಗೆ ಹೋಗಬೇಕು. ಅದು ಹೆಚ್ಚೂಕಮ್ಮಿ 25 ಕ್ಯಾರೆಟ್.

ಈಗಲೂ ಮುಂಗಾರಿನ ಮೊದಲ ಮಳೆ ಬಿದ್ದರೆ ಕರ್ನೂಲಿನ ಜೊನ್ನಗಿರಿ, ತುಗ್ಗಲಿ, ಮದ್ದಿಕೆರ ಕಡೆಯ ಹೊಲಗಳಲ್ಲಿ ಜನ ವಜ್ರ ಹುಡುಕಲು ಸೇರುತ್ತಾರೆ. ನಮ್ಮ ಕಡೆಯಿಂದಲೂ ಹೋಗುತ್ತಾರೆ. ನಾನು ಎರಡು ವರ್ಷದ ಹಿಂದೆ ಸೋದರಮಾವನ ಜೊತೆ ಹೋಗಿದ್ದೆ. ಬೆಳಿಗ್ಗೆ ಆರು ಗಂಟೆಗೇ ಹೊಲದ ತುಂಬ ಜನ. ಯಾರೂ ಅಗೆಯುವುದಿಲ್ಲ. ಮಳೆ ಮಣ್ಣನ್ನು ತೊಳೆದಿರುತ್ತದಲ್ಲ, ಎಳೆ ಬಿಸಿಲಿಗೆ ಎದುರಾಗಿ ಬಗ್ಗಿಕೊಂಡು ಒಂದೊಂದೇ ಹೆಜ್ಜೆ ಇಡುತ್ತಾ ನೋಡುತ್ತಾ ಹೋಗುವುದು. ಹೊಳೆದದ್ದನ್ನೆಲ್ಲ ಎತ್ತಿ ಬಾಯಲ್ಲಿ ಹಾಕಿ ತೊಳೆದು ನೋಡುತ್ತಾರೆ. ನೂರಕ್ಕೆ ನೂರು ಬೆಣಚುಕಲ್ಲೇ.

ಒಬ್ಬಳು ಅಜ್ಜಿ ನಮ್ಮ ಪಕ್ಕದಲ್ಲೇ ಇದ್ದಳು. ಸೆರಗಿನ ತುದಿಯ ಗಂಟು ಬಿಚ್ಚಿ ತೋರಿಸಿದಳು. ಅವರೆಕಾಳಿನ ಗಾತ್ರದ ಎರಡು ಕಲ್ಲು, ಎಣ್ಣೆ ಹಚ್ಚಿದ ಹಾಗೆ ಮಿನುಗು. "ಹೋದ ವರ್ಷ ಇಂಥದ್ದನ್ನ ಒಬ್ಬ ಬಂದು ತಗೊಂಡ, ರೊಕ್ಕ ಎಷ್ಟು ಕೊಟ್ಟ ಅಂತ ಕೇಳಬ್ಯಾಡ, ಮೊಮ್ಮಗಳ ಸ್ಕೂಲ್ ಫೀಸಿಗೆ ಆತು" ಅಂದಳು. ಕಲ್ಲು ಯಾವ ಊರು ಸೇರಿತು, ಎಷ್ಟಕ್ಕೆ ಮಾರಿತು, ಅವಳಿಗೆ ಗೊತ್ತಿಲ್ಲ. ನೀವು ಟಾವೆರ್ನಿಯೆ ಹೇಳಿದ ತಲೆಬಟ್ಟೆ, ಒಂದು ತಟ್ಟೆ ಸಕ್ಕರೆ ಅಂತ ಬರೆದದ್ದನ್ನು ಓದಿದಾಗ ನನಗೆ ಆ ಗಂಟು ನೆನಪಾಯ್ತು.

---

ಮೊದಲ ಬೆಂಚು

ಅಣ್ಣಾ, ನಿಮ್ಮ ಬರಹ ತುಂಬ ಇಷ್ಟ ಆಯ್ತು. ಹೋಪ್ ವಜ್ರದ ಶಾಪದ ಬಗ್ಗೆ ಯಾರಾದರೂ ಹೇಳ್ತೀರಾ? ಅದನ್ನು ಮೊದಲು ಕೊಂಡ ಟಾವೆರ್ನಿಯೆಯನ್ನು ಕಾಡುನಾಯಿಗಳು ಕಿತ್ತು ತಿಂದವು ಅಂತ ವಿಡಿಯೋದಲ್ಲಿ ನೋಡಿದೆ.

---

ಸಾಣೆಗಲ್ಲು

ಸುಳ್ಳು ಕಣಪ್ಪಾ. ಆ ಮನುಷ್ಯ ಎಂಬತ್ತು ದಾಟಿ ಬದುಕಿದ. 1689ರಲ್ಲಿ ಮಾಸ್ಕೋದಲ್ಲಿ ತೀರಿಕೊಂಡ. ಭಾರತದಿಂದ ಒಯ್ದ 115 ಕ್ಯಾರೆಟ್ಟಿನ ನೀಲಿ ಕಲ್ಲನ್ನು ಹದಿನಾಲ್ಕನೇ ಲೂಯಿಗೆ ಮಾರಿ ಒಳ್ಳೇ ದುಡ್ಡು ಮಾಡಿದ. ಲೂಯಿ ಅದನ್ನು 69 ಕ್ಯಾರೆಟ್ಟಿಗೆ ಕೊಯ್ಯಿಸಿದ. 1792ರ ಸೆಪ್ಟೆಂಬರಿನಲ್ಲಿ ಫ್ರೆಂಚ್ ಕ್ರಾಂತಿಯ ಗಲಾಟೆಯಲ್ಲಿ ಕಳುವಾಯ್ತು. ಸರಿಯಾಗಿ 20 ವರ್ಷ ಆದ ಮೇಲೆ, 1812ರಲ್ಲಿ, ಲಂಡನ್ನಿನ ಒಬ್ಬ ವ್ಯಾಪಾರಿಯ ಹತ್ತಿರ 45.5 ಕ್ಯಾರೆಟ್ಟಿನ ನೀಲಿ ವಜ್ರ ಕಾಣಿಸಿಕೊಂಡಿತು. ಅದೇ ಈಗಿನ ಹೋಪ್. ಫ್ರಾನ್ಸಿನ ಕಾನೂನಿನಲ್ಲಿ ಆ ಅಪರಾಧಗಳಿಗೆ ಕೇಸು ಹಾಕುವ ಅವಧಿ ಮುಗಿದು ಕೆಲವೇ ದಿನ ಆಗಿತ್ತು. ಎರಡೂ ಒಂದೇ ಕಲ್ಲು ಅನ್ನುವುದು ಗಟ್ಟಿಯಾದದ್ದು 2007ರಲ್ಲಿ ಪ್ಯಾರಿಸ್ಸಿನ ಮ್ಯೂಸಿಯಮ್ಮಿನಲ್ಲಿ ಹಳೇ ಕಲ್ಲಿನ ಸೀಸದ ಅಚ್ಚು ಸಿಕ್ಕಿದ ಮೇಲೆ. ಶಾಪದ ಕಥೆಗೆ ರೆಕ್ಕೆ ಬಂದದ್ದು 1910ರ ಹೊತ್ತಿಗೆ, ಅಮೆರಿಕದ ಶ್ರೀಮಂತರಿಗೆ ಅದನ್ನು ಮಾರುವಾಗ. ವಾಷಿಂಗ್ಟನ್ನಿನ ಸ್ಮಿತ್‌ಸೋನಿಯನ್ ಮ್ಯೂಸಿಯಮ್ಮಿಗೆ ಹ್ಯಾರಿ ವಿನ್‌ಸ್ಟನ್ ಅನ್ನುವ ಒಡವೆ ವ್ಯಾಪಾರಿ 1958ರಲ್ಲಿ ದಾನ ಕೊಟ್ಟ. ಕಳಿಸಿದ್ದು ರಿಜಿಸ್ಟರ್ಡ್ ಪೋಸ್ಟಿನಲ್ಲಿ! ಅದರ ನೀಲಿ ಬಣ್ಣಕ್ಕೆ ಕಾರಣ ಬೋರಾನ್. ಕೋಟಿಗಟ್ಟಲೆ ಇಂಗಾಲದ ಪರಮಾಣುಗಳ ಮಧ್ಯೆ ಅಲ್ಲೊಂದು ಇಲ್ಲೊಂದು ಇದ್ದರೂ ಸಾಕು.

ಮಾತು ಬಂತು ಅಂತ ಹೇಳುತ್ತೇನೆ. ನಮ್ಮ ಅಂಗಡಿಗೆ ಹಳೇ ಮನೆತನದವರು ಏಳು ಕಲ್ಲಿನ ಓಲೆ ತಂದು, "ಇದು ಅಜ್ಜಿಯ ಬ್ಲೂ ಜಾಗರ್, ಅಪ್ಪಟ ನಮ್ಮ ದೇಶದ್ದು" ಅಂತಾರೆ. ಕಲ್ಲು ಅಪ್ಪಟವೇ, ಸಂಶಯ ಇಲ್ಲ. ಆದರೆ ಜಾಗರ್ ಅನ್ನುವ ಹೆಸರು ಬಂದದ್ದು ದಕ್ಷಿಣ ಆಫ್ರಿಕಾದ ಯಾಗರ್ಸ್‌ಫಾಂಟೀನ್ ಗಣಿಯಿಂದ. 1893ರಲ್ಲಿ 995 ಕ್ಯಾರೆಟ್ಟಿನ ಎಕ್ಸೆಲ್ಸಿಯರ್ ಸಿಕ್ಕಿದ್ದೂ ಅಲ್ಲೇ. ನಮ್ಮ ಅಜ್ಜಿಯಂದಿರ ಕಿವಿಯಲ್ಲಿ ಮಿನುಗಿದ್ದು ಆಫ್ರಿಕಾದ ಕೂಲಿಗಳು ಅಗೆದ ಕಲ್ಲು.

---

ಕೃಷ್ಣೆಯ ಮಗಳು

ಆಫ್ರಿಕಾ ಅಂದಿದ್ದಕ್ಕೆ ನಿಜಾಮರ ಜೇಕಬ್ ವಜ್ರ ನೆನಪಾಯ್ತು, ಅದೂ ಅಲ್ಲಿಂದ ಬಂದ ಕಲ್ಲೇ. ನಮ್ಮ ರಾಯಚೂರು, ಕಲಬುರಗಿ, ಬೀದರ್ 1948ರ ತನಕ ನಿಜಾಮರ ಕೆಳಗೇ ಇದ್ದವು. ಅಜ್ಜ ಹೇಳುತ್ತಿದ್ದರು, "ನಾವು ಕಟ್ಟಿದ ಕಂದಾಯ ನಿಜಾಮರ ಮೇಜಿನ ಮೇಲೆ ಕಾಗದ ಹಾರದ ಹಾಗೆ ಕೂತಿತ್ತು" ಅಂತ. ಚಿಕ್ಕವಳಿದ್ದಾಗ ಅರ್ಥ ಆಗುತ್ತಿರಲಿಲ್ಲ. ಆರನೇ ನಿಜಾಮ ಮಹಬೂಬ್ ಅಲಿ 1891ರಲ್ಲಿ ಆ ವಜ್ರ ಕೊಳ್ಳಲು ಹೋಗಿ ಕಲ್ಕತ್ತಾದ ಕೋರ್ಟಿನ ತನಕ ಕೇಸು ಬೆಳೆಯಿತು. ಬೇಸತ್ತು ಮೂಲೆಗೆ ಹಾಕಿಬಿಟ್ಟರು. ಅವರು ತೀರಿಕೊಂಡ ಮೇಲೆ ಮಗ ಉಸ್ಮಾನ್ ಅಲಿಗೆ ಅಪ್ಪನ ಚಪ್ಪಲಿಯ ತುದಿಯಲ್ಲಿ ಸಿಕ್ಕಿತಂತೆ. ಅವರು ಅದನ್ನು ಪೇಪರ್‌ವೇಟ್ ಮಾಡಿಕೊಂಡರು. ಸುಮಾರು 185 ಕ್ಯಾರೆಟ್, ಈಗಿನ ಕೊಹಿನೂರಿಗಿಂತ ದೊಡ್ಡದು. 1995ರಲ್ಲಿ ಭಾರತ ಸರ್ಕಾರ ನಿಜಾಮರ ಒಡವೆಗಳನ್ನು ಸುಮಾರು 218 ಕೋಟಿಗೆ ಕೊಂಡಿತು. ಈಗ ರಿಸರ್ವ್ ಬ್ಯಾಂಕಿನ ಖಜಾನೆಯಲ್ಲಿದೆ. 2019ರಲ್ಲಿ ದೆಹಲಿಯಲ್ಲಿ ಪ್ರದರ್ಶನಕ್ಕೆ ಇಟ್ಟಾಗ ನಾನು ಹೋಗಿ ನೋಡಿದೆ. ಅಜ್ಜನ ಸಲುವಾಗಿಯೇ ಹೋಗಿದ್ದು.

ಹಂಪಿಹಾದಿ ಸರ್, ವ್ಯಾಪಾರ ಹೇಗೆ ನಡೆಯುತ್ತಿತ್ತು ಅಂತ ನಿಮ್ಮ ಪುಸ್ತಕದಲ್ಲಿ ಇದೆಯಾ?

---

ಹಂಪಿಹಾದಿ

ಇದೆ, ಮತ್ತೆ ಅದೇ ನನಗೆ ಎಲ್ಲಕ್ಕಿಂತ ಜಾಸ್ತಿ ಹಿಡಿಸಿದ ಭಾಗ. ರಾವಲ್ಕೊಂಡದಲ್ಲಿ ಬೆಳಿಗ್ಗೆ ಊರ ಮಧ್ಯದ ಮರದ ಕೆಳಗೆ ಹತ್ತರಿಂದ ಹದಿನೈದು ಹದಿನಾರು ವರ್ಷದ ವ್ಯಾಪಾರಿಗಳ ಮಕ್ಕಳು ಬಂದು ಕೂರುತ್ತಿದ್ದರು. ಸೊಂಟದ ಒಂದು ಕಡೆ ತೂಕದ ಕಲ್ಲಿನ ಚೀಲ, ಇನ್ನೊಂದು ಕಡೆ ಐನೂರು ಆರುನೂರು ವರಹದ ಚೀಲ. ಯಾರಾದರೂ ಕಲ್ಲು ತಂದರೆ ಮೊದಲು ಹಿರಿಯ ಹುಡುಗ ನೋಡಿ ಪಕ್ಕದವನಿಗೆ ಕೊಡುತ್ತಾನೆ. ಹಾಗೇ ಎಲ್ಲರ ಕೈ ದಾಟಿ ವಾಪಸ್ ಅವನ ಕೈಗೆ ಬರುತ್ತದೆ. ಒಬ್ಬರೂ ತುಟಿ ಬಿಚ್ಚುವುದಿಲ್ಲ. ಸಂಜೆ ಕೊಂಡದ್ದನ್ನೆಲ್ಲ ಸೇರಿಸಿ, ಬಣ್ಣ ತೂಕ ನೋಡಿ ವಿಂಗಡಿಸಿ, ದೊಡ್ಡ ವ್ಯಾಪಾರಿಗಳಿಗೆ ಮಾರಿ ಲಾಭ ಹಂಚಿಕೊಳ್ಳುತ್ತಾರೆ.

ದೊಡ್ಡವರ ವ್ಯಾಪಾರವೂ ಮಾತಿಲ್ಲದೆಯೇ. ಇಬ್ಬರೂ ಎದುರುಬದುರು ಕೂತು ಬಟ್ಟೆಯ ಕೆಳಗೆ ಕೈ ಹಿಡಿದುಕೊಳ್ಳುತ್ತಾರೆ. ಇಡೀ ಕೈ ಹಿಡಿದರೆ ಸಾವಿರ. ಐದು ಬೆರಳು ಹಿಡಿದರೆ ಐನೂರು. ಒಂದು ಬೆರಳು ನೂರು. ಮಧ್ಯದ ಗೆಣ್ಣಿನ ತನಕ ಹಿಡಿದರೆ ಐವತ್ತು, ತುದಿ ಹಿಡಿದರೆ ಹತ್ತು. ಸುತ್ತ ಎಷ್ಟೇ ಜನ ನಿಂತಿದ್ದರೂ ಬೆಲೆ ಎಷ್ಟಾಯ್ತು ಅಂತ ಯಾರಿಗೂ ಗೊತ್ತಾಗುವುದಿಲ್ಲ.

---

ಜೋಳದ ಹೊಲ

ಸರ್, ಇದು ನಮ್ಮ ದನದ ಸಂತೆ! ಟವಲ್ ಕೆಳಗೆ ಕೈ ಹಾಕಿ ದಲ್ಲಾಳಿಗಳು ಮಾಡುವುದು ಇದನ್ನೇ ಅಲ್ವಾ!

---

ಕೃಷ್ಣೆಯ ಮಗಳು

ನನಗೂ ಓದಿದ ಕೂಡಲೇ ಅದೇ ಹೊಳೆಯಿತು. ನಮ್ಮ ದೊಡ್ಡಪ್ಪ ಮೂವತ್ತು ವರ್ಷ ಸಂತೆಯಲ್ಲಿ ಎತ್ತಿನ ವ್ಯಾಪಾರ ಮಾಡಿದವರು. ಈಗ ಎಂಬತ್ತೆರಡು ವಯಸ್ಸು, ಕಣ್ಣು ಸರಿಯಾಗಿ ಕಾಣುವುದಿಲ್ಲ. ಸಂಜೆ ಅವರ ಮನೆಗೆ ಹೋಗಿ ನಿಮ್ಮ ಬರಹ ಓದಿ ಹೇಳಿದೆ. ಪೂರ್ತಿ ಕೇಳಿಸಿಕೊಂಡರು. ಆಮೇಲೆ ಹೆಗಲ ಮೇಲಿನ ಟವಲ್ ತೆಗೆದು ನನ್ನ ಕೈ ಮೇಲೆ ಹಾಸಿ, ಒಳಗಿಂದ ನನ್ನ ಮೂರು ಬೆರಳು ಹಿಡಿದರು. ಸ್ವಲ್ಪ ಹೊತ್ತು ಹಾಗೇ ಹಿಡಿದುಕೊಂಡು, ನಾಲ್ಕನೇ ಬೆರಳಿನ ಅರ್ಧ ಒತ್ತಿದರು.

"ಎಷ್ಟಾತು ಹೇಳು?"

"ಮುನ್ನೂರ ಐವತ್ತು" ಅಂದೆ, ಪುಸ್ತಕದ ಲೆಕ್ಕದಲ್ಲಿ.

"ಎತ್ತಿನ ಮುಖ ನೋಡಿ ಹೇಳಬೇಕವ್ವಾ. ಒಂದು ಬೆರಳು ನೂರೋ ಸಾವಿರವೋ, ಅದು ಎತ್ತು ನೋಡಿದವರಿಗೆ ತಿಳಿದಿರತದ" ಅಂದು ಟವಲ್ ಮಡಚಿ ಮತ್ತೆ ಹೆಗಲಿಗೆ ಹಾಕಿಕೊಂಡರು.